ಹರಡಿ ಬಿದ್ದ ಅಡುಗೆಮನೆಯನ್ನು ಬೇಗ ಚೊಕ್ಕಗೊಳಿಸುವ ಕ್ರಮ

ಅಡುಗೆಮನೆಯ ತುಂಬ ಪಾತ್ರೆಗಳು ಹರಡಿಕೊಂಡಿರುವಾಗ ಕೈಗೆ ಮೊದಲು ಸಿಕ್ಕಿದ್ದನ್ನು ಹಿಡಿದು ಉಜ್ಜತೊಡಗುವುದು ಸಹಜವಾದರೂ, ಸಮಯ ಹೆಚ್ಚಾಗಿ ಪೋಲಾಗುವುದು ಅಲ್ಲಿಯೇ. ಒಣಗಿ ಅಂಟಿದ ಕೊಳೆಯನ್ನು ಬಿಡಿಸುವ ಕೆಲಸವನ್ನು ತೋಳಿಗಿಂತ ನೀರಿಗೆ ವಹಿಸುವುದು ಲೇಸು. ಆದ್ದರಿಂದ ನೆನೆಯಬೇಕಾದುದೆಲ್ಲವನ್ನೂ ಮೊದಲೇ ನೆನೆಹಾಕಿ, ಅದು ನೆನೆಯುವಷ್ಟರಲ್ಲಿ ನೀರು ಬೇಡದ ಕೆಲಸಗಳನ್ನು ಮುಗಿಸಿಕೊಳ್ಳಬೇಕು.

ಪಾತ್ರೆಗಳಲ್ಲಿ ಉಳಿದದ್ದನ್ನು ಕಸದ ಬುಟ್ಟಿಗೆ ಕೆರೆದು ಹಾಕಿ. ಜಿಡ್ಡು ಕೊಳವೆಯೊಳಗೆ ತಣಿದು ಗಟ್ಟಿಯಾಗಿ ನೀರಿನ ದಾರಿಯನ್ನೇ ಕಟ್ಟಿಬಿಡುವುದರಿಂದ, ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಕಾಗದದಿಂದ ಒರೆಸಿ ತೆಗೆಯಬೇಕು. ನೆನೆಹಾಕುವಾಗ ಎಲ್ಲದಕ್ಕೂ ಬಿಸಿನೀರೇ ಒಳ್ಳೆಯದೆಂದು ಭಾವಿಸಬಾರದು. ಜಿಡ್ಡಿಗೆ ಬಿಸಿನೀರು ಸರಿ. ಆದರೆ ಹಾಲು, ಮೊಟ್ಟೆ, ಹಸಿ ಹಿಟ್ಟು ಅಂಟಿದ ಪಾತ್ರೆಗಳಿಗೆ ತಣ್ಣೀರೇ ಬೇಕು, ಏಕೆಂದರೆ ಶಾಖ ತಗುಲಿದರೆ ಅವು ಇನ್ನಷ್ಟು ಬಲವಾಗಿ ಹಿಡಿದುಕೊಳ್ಳುತ್ತವೆ.

ತಳ ಸೀದ ಸ್ಟೀಲ್ ಪಾತ್ರೆಗೆ ಸೀದ ಭಾಗ ಮುಳುಗುವಷ್ಟು ನೀರು ಹಾಕಿ, ಒಂದೆರಡು ಚಮಚ ಅಡುಗೆ ಸೋಡಾ ಬೆರೆಸಿ, ಸುಮಾರು 10 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಆರಲು ಬಿಡಿ. ಕಪ್ಪು ಪದರ ಅಂಚಿನಲ್ಲಿ ಏಳತೊಡಗಿದ ಮೇಲೆ ಮರದ ಸೌಟಿನಿಂದ ಮೆಲ್ಲಗೆ ತಳ್ಳಿದರೆ ಬಹುಪಾಲು ಚಕ್ಕೆಚಕ್ಕೆಯಾಗಿ ಕಳಚಿ ಬರುತ್ತದೆ. ಉಳಿದದ್ದಕ್ಕೆ ಇನ್ನೊಮ್ಮೆ ಕುದಿಸಬೇಕೇ ಹೊರತು ಲೋಹದ ಚಾಕುವಿನಿಂದ ಕೆರೆಯಬಾರದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಈ ವಿಧಾನ ಬೇಡ, ಸೋಡಾದಿಂದ ಅದು ಕಪ್ಪಾಗುತ್ತದೆ. ಸೋಡಾಕ್ಕೆ ವಿನೆಗರ್ ಸೇರಿಸುವ ಸಲಹೆಯೂ ಆಗಾಗ ಕೇಳಿಬರುತ್ತದೆ. ನೊರೆಯೇನೋ ಜೋರಾಗಿ ಉಕ್ಕುತ್ತದೆ, ಆದರೆ ಒಂದರ ಗುಣವನ್ನು ಇನ್ನೊಂದು ಕಳೆದುಹಾಕುವುದರಿಂದ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಒಲೆ ಪೂರ್ತಿ ಆರಿರುವುದನ್ನು ಖಚಿತಪಡಿಸಿಕೊಂಡು, ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲಿನ ಕಲೆಗಳ ಮೇಲೆ ಹಾಸಿಬಿಡಿ. ಅದು ಅಲ್ಲಿರುವಾಗಲೇ ಡಬ್ಬಿಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಕಪಾಟಿನ ಧೂಳು ಒರೆಸಿ, ಕಟ್ಟೆಯ ಮೇಲಿನ ಚೂರುಗಳನ್ನು ಒಣ ಬಟ್ಟೆಯಿಂದ ಒಟ್ಟುಮಾಡಿ. ಚೂರುಗಳಿರುವಾಗಲೇ ಒದ್ದೆ ಬಟ್ಟೆ ಆಡಿಸಿದರೆ ಅವು ರಾಡಿಯಾಗಿ ಹರಡುತ್ತವೆ.

ತೊಳೆಯುವಾಗ ಗಾಜಿನ ಲೋಟಗಳು ಮೊದಲು, ತಟ್ಟೆಗಳು ಅನಂತರ, ಜಿಡ್ಡಿನ ಪಾತ್ರೆಗಳು ಕೊನೆಗೆ ಇರಲಿ. ಆಗ ನೀರನ್ನು ಪದೇಪದೇ ಬದಲಿಸಬೇಕಾಗಿಲ್ಲ. ಆಮೇಲೆ ಒಲೆ, ಕಟ್ಟೆ, ಸಿಂಕು, ಎಲ್ಲಕ್ಕಿಂತ ಕೊನೆಗೆ ನೆಲ. ಕಟ್ಟೆ ಅಮೃತಶಿಲೆಯದಾಗಿದ್ದರೆ ವಿನೆಗರ್, ನಿಂಬೆರಸಗಳನ್ನು ದೂರವಿಡಿ, ಏಕೆಂದರೆ ಹುಳಿ ಆ ಕಲ್ಲನ್ನು ತಿಂದು ಹೊಳಪುಗೆಡಿಸುತ್ತದೆ. ಬ್ಲೀಚ್ ಬಳಸುವವರು ಅದನ್ನು ವಿನೆಗರಿನೊಡನೆಯಾಗಲಿ ಅಮೋನಿಯಾ ಇರುವ ದ್ರಾವಣದೊಡನೆಯಾಗಲಿ ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ವಿಷಾನಿಲ ಶ್ವಾಸಕೋಶಕ್ಕೆ ಅಪಾಯಕಾರಿ.

ಬಳಸಿದ ಬಟ್ಟೆ ಮತ್ತು ಸ್ಪಂಜುಗಳನ್ನು ಒದ್ದೆಮುದ್ದೆಯಾಗಿ ಸಿಂಕಿನಲ್ಲಿ ಬಿಟ್ಟರೆ ಅವುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದು, ಮರುದಿನ ಒರೆಸಿದಲ್ಲೆಲ್ಲ ಅದೇ ಹರಡುತ್ತದೆ. ಅವನ್ನು ತೊಳೆದು, ಬಿಗಿಯಾಗಿ ಹಿಂಡಿ, ಗಾಳಿಯಾಡುವ ಕಡೆ ಒಣಗಲು ಹಾಕಿ.