ಬ್ರಿಟನ್ನಿನಲ್ಲಿ ಆಫೀಸಿನಿಂದ ಶಿಸ್ತುಕ್ರಮದ ಪತ್ರ ಬಂದರೆ

ಪತ್ರ ಕೈಗೆ ಬಂದ ರಾತ್ರಿಯೇ ರಾಜೀನಾಮೆ ಬರೆಯಬೇಡಿ. ‘ಮರ್ಯಾದೆ ಹೋಗುವ ಮೊದಲು ನಾವೇ ಬಿಟ್ಟುಬಿಡೋಣ’ ಅನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಎಚ್‌ಆರ್ ಕರೆದು ಕೂರಿಸಿ ರಾಜೀನಾಮೆ ಬರೆಸಿಕೊಳ್ಳುವುದನ್ನು ಕಂಡು ಬಂದವರಿಗಂತೂ ಬೇರೆ ದಾರಿಯೇ ಇಲ್ಲ ಅನ್ನಿಸುತ್ತದೆ. ಇಲ್ಲಿ ದಾರಿ ಇದೆ. ನೀವಾಗಿಯೇ ಬಿಟ್ಟು ಹೋದರೆ ಆಮೇಲೆ ‘ನನ್ನನ್ನು ಅನ್ಯಾಯವಾಗಿ ತೆಗೆದರು’ ಅಂತ ಸಾಧಿಸುವುದು ಬಹಳ ಕಷ್ಟ.

ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಇದಕ್ಕೆಲ್ಲ ಆಧಾರ, ಕೆಲಸದ ಜಾಗದ ತಕರಾರುಗಳನ್ನು ಬಗೆಹರಿಸಲು ನೆರವಾಗುವ ಅಕಾಸ್ ಎಂಬ ಸಂಸ್ಥೆಯ ನಿಯಮಾವಳಿ. ಸರ್ಕಾರದ ಹಣದಲ್ಲಿ ನಡೆದರೂ ಅದು ಸ್ವತಂತ್ರ ಸಂಸ್ಥೆ. ಮೊದಲು ತನಿಖೆ ಆಗಬೇಕು. ಆಪಾದನೆ ಏನು, ಸಾಕ್ಷ್ಯ ಏನು ಅಂತ ಬರಹದಲ್ಲಿ ತಿಳಿಸಬೇಕು. ಉತ್ತರ ತಯಾರಿಸಲು ಸಮಯ ಕೊಟ್ಟು ಹಿಯರಿಂಗ್, ಅಂದರೆ ವಿಚಾರಣೆಯ ಸಭೆ, ನಡೆಸಬೇಕು. ತೀರ್ಮಾನ ಆದ ಮೇಲೆ ಅಪೀಲಿಗೆ ಅವಕಾಶ ಇರಬೇಕು. ಸಾಧ್ಯವಿದ್ದಷ್ಟು ಮಟ್ಟಿಗೆ ತನಿಖೆ ಮಾಡಿದವರು ಬೇರೆ, ತೀರ್ಮಾನ ಹೇಳುವವರು ಬೇರೆ ಆಗಿರಬೇಕು. ಕಳ್ಳತನ, ಹೊಡೆದಾಟದಂಥ ಗ್ರಾಸ್ ಮಿಸ್‌ಕಾಂಡಕ್ಟ್ (ಗಂಭೀರ ದುರ್ನಡತೆ) ಆಪಾದನೆ ಇದ್ದರೂ ಈ ಹೆಜ್ಜೆಗಳನ್ನು ಹಾರಿಸುವಂತಿಲ್ಲ.

ಕೆಲಸದ ತಕರಾರುಗಳನ್ನು ವಿಚಾರಿಸುವ ನ್ಯಾಯಮಂಡಳಿಯಾದ ಟ್ರಿಬ್ಯೂನಲ್‌ನಲ್ಲಿ ನೀವು ಗೆದ್ದು, ಕಂಪನಿ ಈ ಕ್ರಮವನ್ನು ಸಕಾರಣವಿಲ್ಲದೆ ಮುರಿದಿದ್ದರೆ ಪರಿಹಾರವನ್ನು ಶೇ. 25ರವರೆಗೆ ಏರಿಸಬಹುದು. ನೀವು ಅಪೀಲನ್ನೇ ಹಾಕದೆ ಸುಮ್ನೆ ಕೂತಿದ್ದರೆ ಅಷ್ಟೇ ಇಳಿಸಲೂಬಹುದು. ಹಾಗಾಗಿ ‘ಅಪೀಲ್ ಹಾಕಿ ಏನು ಪ್ರಯೋಜನ’ ಅನ್ನಬೇಡಿ. ಹಾಕಿ.

ಹಿಯರಿಂಗಿಗೆ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು 1999ರ ಕಾಯ್ದೆ ಕೊಟ್ಟ ಹಕ್ಕು. ವಾರ್ನಿಂಗ್ ಅಥವಾ ವಜಾ ಆಗಬಹುದಾದ ಸಭೆಗೆ ಇದು ಅನ್ವಯ; ಬರೀ ತನಿಖೆಯ ಮೀಟಿಂಗಿಗೆ ಕಾನೂನಿನ ಹಕ್ಕಿಲ್ಲ, ಕಂಪನಿಯ ಪಾಲಿಸಿಯಲ್ಲಿ ಇರಬಹುದು, ಕೇಳಿ ನೋಡಿ. ಬರುವವರು ಸಹೋದ್ಯೋಗಿ ಆಗಿರಬೇಕು ಅಥವಾ ಯೂನಿಯನ್ ಪ್ರತಿನಿಧಿ ಆಗಿರಬೇಕು. ಗಂಡ, ಹೆಂಡತಿ, ಅಣ್ಣ, ವಕೀಲರನ್ನು ಕರೆತರುವ ಹಕ್ಕಿಲ್ಲ. ಜೊತೆಗಾರರು ನಿಮ್ಮ ವಾದವನ್ನು ಮಂಡಿಸಬಹುದು, ನಡುವೆ ನಿಮ್ಮೊಡನೆ ಮಾತಾಡಿಕೊಳ್ಳಬಹುದು. ಆದರೆ ನಿಮಗೆ ಕೇಳಿದ ಪ್ರಶ್ನೆಗೆ ಉತ್ತರ ನೀವೇ ಹೇಳಬೇಕು. ಅವರಿಗೆ ಆ ದಿನ ಬಿಡುವಿಲ್ಲದಿದ್ದರೆ 5 ಕೆಲಸದ ದಿನಗಳೊಳಗೆ ಬೇರೆ ಸಮಯ ಸೂಚಿಸಿ. ಕಂಪನಿ ಸಭೆಯನ್ನು ಮುಂದಕ್ಕೆ ಹಾಕಲೇಬೇಕು. ನಮ್ಮವರು ‘ಇನ್ನೊಬ್ಬರಿಗೆ ಯಾಕೆ ಗೊತ್ತಾಗಬೇಕು’ ಅಂತ ಒಬ್ಬರೇ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಬರಿಯಲ್ಲಿ ಅರ್ಧ ಮಾತು ಕಿವಿಗೇ ಬೀಳುವುದಿಲ್ಲ. ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಬೇಕೇ ಬೇಕು.

ಇನ್ನೊಂದು ಅಭ್ಯಾಸದ ಬಗ್ಗೆ ಎಚ್ಚರ ಇರಲಿ. ದೊಡ್ಡವರು ಬೈದರೆ ‘ತಪ್ಪಾಯ್ತು ಸಾರ್’ ಅಂದು ಮುಗಿಸುವುದು ನಮಗೆ ರೂಢಿ. ಇಲ್ಲಿ ಅದು ತಪ್ಪೊಪ್ಪಿಗೆ ಆಗಿ ಮಿನಿಟ್ಸ್ (ಸಭೆಯ ನಡಾವಳಿಯ ಟಿಪ್ಪಣಿ) ಸೇರುತ್ತದೆ. ಮಾಡಿದ್ದನ್ನು ಒಪ್ಪಿಕೊಳ್ಳಿ, ಮಾಡದ್ದನ್ನು ಒಪ್ಪಿಕೊಳ್ಳಬೇಡಿ. ಮಿನಿಟ್ಸ್ ಕಳಿಸಿದಾಗ ಓದಿ, ತಪ್ಪಿದ್ದರೆ ಅವತ್ತೇ ಈಮೇಲ್ ಮಾಡಿ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವ ಕನ್ನಡಿಗ ಡಾಕ್ಟರುಗಳು 2013ರ ಛಾಬ್ರಾ ಪ್ರಕರಣವನ್ನು ತಿಳಿದಿರಬೇಕು. ಒಬ್ಬ ಮನೋವೈದ್ಯೆ ರೈಲಿನಲ್ಲಿ ರೋಗಿಗಳ ಕಾಗದ ಓದುತ್ತಾ ಮಾತಾಡುತ್ತಿದ್ದರು ಎಂಬುದು ದೂರು. ತನಿಖೆಯಲ್ಲಿ ತಲೆಹಾಕುವುದಿಲ್ಲ ಎಂಬ ಭರವಸೆ ಇದ್ದರೂ ಎಚ್‌ಆರ್ ಅಧಿಕಾರಿಯೊಬ್ಬರು ತನಿಖಾ ವರದಿಯ ಕರಡಿಗೆ ತಿದ್ದುಪಡಿ ಸೂಚಿಸಿ, ವೈದ್ಯೆಯ ಮೇಲಿನ ಟೀಕೆಯನ್ನು ಇನ್ನಷ್ಟು ಗಟ್ಟಿ ಮಾಡಿಸಿದ್ದರು. ಗ್ರಾಸ್ ಮಿಸ್‌ಕಾಂಡಕ್ಟ್ ಎಂದು ಹಿಯರಿಂಗ್ ನಡೆಸುವುದನ್ನು ಸುಪ್ರೀಂ ಕೋರ್ಟ್ ತಡೆಯಿತು. ರೋಗಿಯ ಗುಟ್ಟು ಬಯಲಾದರೆ ಪರವಾಗಿಲ್ಲ ಅಂತ ಕೋರ್ಟ್ ಹೇಳಲಿಲ್ಲ. ತನಿಖೆ ಮಾಡುವವರ ಅಭಿಪ್ರಾಯ ಅವರದ್ದೇ ಆಗಿರಬೇಕು ಎಂಬುದು ಅಲ್ಲಿನ ಮುಖ್ಯ ಮಾತು. ನಿಮ್ಮ ತನಿಖಾ ವರದಿ ಸಾಕ್ಷಿಗಳು ಹೇಳಿದ್ದಕ್ಕಿಂತ ಖಾರವಾಗಿದ್ದರೆ ‘ಕರಡು ಯಾರು ಯಾರು ನೋಡಿದ್ದಾರೆ’ ಅಂತ ಕೇಳಿ. ನಿಮ್ಮ ಬಗ್ಗೆ ಕಂಪನಿಯಲ್ಲಿರುವ ಮಾಹಿತಿಯನ್ನು ಬರಹದಲ್ಲಿ ಕೇಳುವ ಹಕ್ಕು ಬೇರೆಯೇ ಇದೆ. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು.

ವೀಸಾದ ಭಯವೇ ಎಲ್ಲಕ್ಕಿಂತ ದೊಡ್ಡದು, ಅಲ್ವಾ? ಸಂಬಳ ಸಹಿತ ಸಸ್ಪೆಂಡ್ ಮಾಡಿದ ಮಾತ್ರಕ್ಕೆ ಸ್ಕಿಲ್ಡ್ ವರ್ಕರ್ ವೀಸಾ ಹೋಗುವುದಿಲ್ಲ. ಕೆಲಸ ಹೋದರೆ ಕಂಪನಿ, ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸುತ್ತದೆ. ಆಮೇಲೆ ಹೋಮ್ ಆಫೀಸಿನ ಪತ್ರ ಬರುತ್ತದೆ, ಬೇರೆ ದಾರಿ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ವೀಸಾದ ಅವಧಿಯೇ ಅದಕ್ಕಿಂತ ಕಮ್ಮಿ ಉಳಿದಿದ್ದರೆ ಅಷ್ಟೇ. ರಾಜೀನಾಮೆ ಕೊಟ್ಟರೂ ಇದೇ ಕಥೆ. ಅಂದಮೇಲೆ ವೀಸಾ ಉಳಿಸಿಕೊಳ್ಳಲು ರಾಜೀನಾಮೆ ಕೊಟ್ಟೆ ಅನ್ನುವುದರಲ್ಲಿ ಅರ್ಥವಿಲ್ಲ.

ಟ್ರಿಬ್ಯೂನಲ್‌ಗೆ ಹೋಗುವುದಾದರೆ ಮೊದಲು ಅಕಾಸ್‌ಗೆ ತಿಳಿಸಬೇಕು. ಫೀಸ್ ಇಲ್ಲ. ಗಡುವು ಮೂರು ತಿಂಗಳಿಗೆ ಒಂದು ದಿನ ಕಮ್ಮಿ. ಅದನ್ನು ಆರು ತಿಂಗಳು ಮಾಡುವ ಕಾನೂನು 2025ರಲ್ಲಿ ಪಾಸಾಗಿದೆ, ಆದರೆ ನಿಮ್ಮ ಪ್ರಕರಣಕ್ಕೆ ಯಾವುದು ಅನ್ವಯ ಅಂತ ಅಕಾಸ್‌ನಲ್ಲೇ ಕೇಳಿಕೊಳ್ಳಿ. ಅಪೀಲ್ ನಡೆಯುತ್ತಿದ್ದರೂ ಗಡುವು ಓಡುತ್ತಲೇ ಇರುತ್ತದೆ. ಅಪೀಲಿನ ಉತ್ತರಕ್ಕೆ ಕಾಯುತ್ತಾ ಗಡುವು ಕಳೆದುಕೊಳ್ಳಬೇಡಿ. ಅನ್ಯಾಯದ ವಜಾ ಎಂದು ದೂರು ಕೊಡಲು ಸಾಮಾನ್ಯವಾಗಿ ಇಂತಿಷ್ಟು ಕಾಲ ಕೆಲಸ ಮಾಡಿರಬೇಕು ಎಂಬ ನಿಯಮವೂ ಇದೆ. ಜನಾಂಗ, ಬಣ್ಣದ ಕಾರಣಕ್ಕೆ ಭೇದ ಮಾಡಿದ್ದರೆ ಆ ನಿಯಮ ಇಲ್ಲ.

ನೀವು ಮ್ಯಾನೇಜರ್ ಆಗಿದ್ದರೆ ಈ ಎಲ್ಲವೂ ತಿರುಗಿ ನಿಮಗೇ ಅನ್ವಯಿಸುತ್ತದೆ. ದೂರು ಕೊಟ್ಟವರಿಗೂ ನ್ಯಾಯ ಬೇಕು, ನಿಜ. ಆದರೆ ಟ್ರಿಬ್ಯೂನಲ್ 1978ರ ಬರ್ಚೆಲ್ ತೀರ್ಪಿನಿಂದ ಇವತ್ತಿನವರೆಗೂ ಕೇಳುವುದು ಇದನ್ನು: ತಪ್ಪು ನಡೆದಿದೆ ಅಂತ ನೀವು ಪ್ರಾಮಾಣಿಕವಾಗಿ ನಂಬಿದಿರಾ, ನಂಬಲು ಆಧಾರ ಇತ್ತಾ, ಸರಿಯಾಗಿ ವಿಚಾರಿಸಿದಿರಾ? ಆತುರದಲ್ಲಿ ತೆಗೆದು ಹಾಕಿದರೆ ದೂರು ಕೊಟ್ಟವರ ಶ್ರಮವೂ ನೀರುಪಾಲು.

ಯೂನಿಯನ್‌ಗೆ ಇನ್ನೂ ಸೇರದಿದ್ದರೆ ಈಗಲೇ ಸೇರಿ. ಸೇರುವ ಮೊದಲೇ ಶುರುವಾದ ತಕರಾರಿಗೆ ಸಾಮಾನ್ಯವಾಗಿ ಅವರು ಬರುವುದಿಲ್ಲ.