ಇಷ್ಟವಾದ ಕಥೆನ ಸ್ಕ್ರಿಪ್ಟ್ ಮಾಡೋದು ಹೇಗೆ? ಈಗ ಶುರು ಮಾಡ್ತಿರೋರಿಗೆ

ಕಥೆ ಓದಿ ಖುಷಿ ಆಗುತ್ತೆ, ಇದನ್ನ ಸಿನಿಮಾ ಮಾಡಿದ್ರೆ ಸಖತ್ತಾಗಿರುತ್ತೆ ಅನ್ಸುತ್ತೆ, ತಕ್ಷಣ ಲ್ಯಾಪ್‌ಟಾಪ್ ತೆಗೆದು ಮೊದಲನೇ ಪ್ಯಾರಾದಿಂದ ಸೀನ್ ಬರೆಯೋಕೆ ಕೂತ್ಕೋತಾರೆ, ಸ್ವಲ್ಪ ಪೇಜ್ ಆಗೋಷ್ಟರಲ್ಲಿ ಗಾಡಿ ನಿಂತುಹೋಗುತ್ತೆ. ಹೊಸಬರಲ್ಲಿ ಹೆಚ್ಚಿನೋರ ಪಾಡು ಇದೇ. ಕಥೆ ಇರೋ ಆರ್ಡರ್‌ನಲ್ಲೇ ಸ್ಕ್ರಿಪ್ಟೂ ಇರ್ಬೇಕು ಅಂತ ಅವ್ರಿಗೆ ಹೇಳಿದ್ಯಾರೋ ಗೊತ್ತಿಲ್ಲ.

ಮೊದಲು ಕಾದಂಬರಿ ಮುಟ್ಟಬೇಡಿ, ಸಣ್ಣ ಕಥೆ ತಗೊಳ್ಳಿ. ನಾನೂರು ಪೇಜಿನ ಕಾದಂಬರಿನ ಎರಡು ಗಂಟೆಗೆ ಇಳಿಸ್ಬೇಕಂದ್ರೆ ಅರ್ಧಕ್ಕಿಂತ ಜಾಸ್ತಿ ಬಿಸಾಕ್ಬೇಕು, ಯಾವುದು ಬಿಸಾಕ್ಬೇಕು ಅನ್ನೋದು ಕೈ ಪಳಗಿದ ಮೇಲೆ ಗೊತ್ತಾಗೋ ವಿಷ್ಯ. ಪಾತ್ರ ಕಮ್ಮಿ ಇರೋ, ಏನಾದ್ರೂ ನಿಜವಾಗ್ಲೂ ನಡೆಯೋ ಕಥೆ ಸಾಕು.

ಹಕ್ಕಿನ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. ಪ್ರಾಕ್ಟೀಸ್‌ಗೆ ಮನೇಲಿ ಬರ್ಕೊಂಡ್ರೆ ಯಾರೂ ಕೇಳಲ್ಲ, ಆದ್ರೆ ಶೂಟ್ ಮಾಡ್ತೀನಿ, ಯಾರಿಗಾದ್ರೂ ಮಾರ್ತೀನಿ ಅಂದ್ರೆ ಬರೆದವ್ರ ಹತ್ರ ಲಿಖಿತವಾಗಿ ಪರ್ಮಿಷನ್ ಬೇಕೇ ಬೇಕು, ಬಾಯಿಮಾತು ಸಾಲಲ್ಲ. ಲೇಖಕರು ತೀರಿಹೋದ ಮೇಲೂ ಭಾರತದಲ್ಲಿ 60 ವರ್ಷ, ಯುರೋಪಿನ ಹೆಚ್ಚಿನ ದೇಶಗಳಲ್ಲಿ 70 ವರ್ಷ ಕಾಪಿರೈಟ್ ಇರುತ್ತೆ. ಇನ್ನೊಂದು, ಮೂಲ ಕಥೆ ಎಷ್ಟೇ ಹಳೇದಾದ್ರೂ ನೀವು ಓದಿದ್ದು ಇತ್ತೀಚಿನ ಅನುವಾದ ಆಗಿದ್ರೆ ಆ ಅನುವಾದಕ್ಕೆ ಬೇರೆ ಹಕ್ಕು ಇರುತ್ತೆ, ಇದನ್ನ ಸುಮಾರು ಜನ ಮರೀತಾರೆ.

ಈಗ ಕೆಲಸಕ್ಕೆ ಬರೋಣ. ಕಥೆನ ಎರಡು ಸಲ ಓದಿ, ಆಮೇಲೆ ಪುಸ್ತಕ ಮುಚ್ಚಿಟ್ಟು ಒಂದು ವಾರ ಅದರ ಕಡೆ ತಿರುಗಿ ನೋಡ್ಬೇಡಿ. ವಾರ ಆದ್ಮೇಲೆ ಏನೇನು ನೆನಪಿದೆ ಅಂತ ಬರೀರಿ, ಪುಸ್ತಕ ತೆಗೀದೆ. ಹಾಗೆ ಉಳ್ಕೊಂಡಿರೋದೇ ನಿಮ್ಮ ಸಿನಿಮಾ ಅಂತ ನಾನು ನಂಬ್ತೀನಿ, ಮಿಕ್ಕಿದ್ದೆಲ್ಲ ಬೇಕಾದ್ರೆ ಬರುತ್ತೆ ಇಲ್ಲಾಂದ್ರೆ ಇಲ್ಲ. ಈ ನೆನಪಿನ ಪಟ್ಟಿಯಿಂದ ಒನ್ ಲೈನ್ ಆರ್ಡರ್ ಮಾಡಿ, ಅಂದ್ರೆ ಒಂದು ಸೀನಿಗೆ ಒಂದೇ ಸಾಲು, ಎಲ್ಲಿ, ಯಾರು, ಏನಾಗುತ್ತೆ, ಅಷ್ಟೇ. ಆ ಸೀನ್ ಮುಗಿಯೋಷ್ಟರಲ್ಲಿ ಏನೂ ಬದಲಾಗ್ಲಿಲ್ಲ ಅಂದ್ರೆ ಅದನ್ನ ಹೊಡೆದುಹಾಕಿ. ಒಂದೇ ಕೆಲಸ ಮಾಡೋ ಇಬ್ಬರು ಸ್ನೇಹಿತರು ಕಥೇಲಿದ್ರೆ ಒಬ್ಬರನ್ನ ತೆಗೀರಿ.

ನಿಜವಾದ ಕಷ್ಟ ಪಾತ್ರದ ಮನಸ್ಸಿನ ಒಳಗಿರೋದನ್ನ ತೋರಿಸೋದು. ಕಥೆಗಾರ "ಅಪ್ಪ ಹೋದ ಮೇಲೆ ಒಂದೇ ಮನೇಲಿದ್ರೂ ಅಣ್ಣ ತಮ್ಮ ಮಾತು ಬಿಟ್ಟಿದ್ರು" ಅಂತ ಒಂದು ಸಾಲಲ್ಲಿ ಬರೆದು ಮುಂದೆ ಹೋಗ್ತಾನೆ. ಕ್ಯಾಮೆರಾಗೆ ಇದು ಕಾಣಲ್ಲ. ಹೊಸಬರು ಏನ್ಮಾಡ್ತಾರೆ, ಪಕ್ಕದ ಮನೆಯವ್ರನ್ನ ಕರ್ಕೊಂಡು ಬಂದು "ಇವ್ರಿಬ್ರೂ ಮಾತಾಡಲ್ವಂತೆ ಕಣ್ರೀ" ಅಂತ ಹೇಳಿಸ್ತಾರೆ. ಅದರ ಬದಲು ಹೀಗೆ ನೋಡಿ: ಹಾಲ್‌ನಲ್ಲಿ ಲ್ಯಾಂಡ್‌ಲೈನ್ ರಿಂಗ್ ಆಗುತ್ತೆ, ತಮ್ಮ ಎತ್ತಿ ಹಲೋ ಅಂತಾನೆ, ಫೋನ್ ಅಣ್ಣನಿಗೆ. ತಮ್ಮ ಕರೆಯಲ್ಲ. ರಿಸೀವರ್ ಟೇಬಲ್ ಮೇಲಿಟ್ಟು ರೂಮಿಗೆ ಹೋಗಿ ಬಾಗಿಲು ಜೋರಾಗಿ ಹಾಕ್ತಾನೆ, ಆ ಸದ್ದು ಕೇಳಿ ಅಣ್ಣ ಒಳಗಿಂದ ಬಂದು ರಿಸೀವರ್ ಎತ್ಕೋತಾನೆ. ಬಾಗಿಲು ಹಾಕೋದು ಸಿಟ್ಟಿಗಲ್ಲ, ಅದು ಅವ್ರ ಮನೇಲಿ ಅಣ್ಣನನ್ನ ಕರೆಯೋ ರೀತಿ ಅಂತ ನೋಡೋರಿಗೆ ಅರ್ಥ ಆಗುತ್ತೆ, ಇದು ತುಂಬಾ ದಿನದಿಂದ ಹೀಗೇ ನಡೀತಿದೆ ಅನ್ನೋದೂ ಗೊತ್ತಾಗುತ್ತೆ, ಆ ಒಂದು ಹಲೋ ಬಿಟ್ರೆ ಡೈಲಾಗೇ ಇಲ್ಲ. ಈ ಫೋನ್ ಮೂಲ ಕಥೇಲಿ ಇರ್ಲೇ ಇಲ್ಲ, ಪರ್ವಾಗಿಲ್ಲ. ಕಥೇಲಿ ಮುಂದೆ "ಆರು ವರ್ಷ ಕಳೀತು" ಅಂತ ಬಂದ್ರೆ ಅದೇ ಟೇಬಲ್ ಮೇಲೆ ಬೇರೆ ಬಣ್ಣದ ಫೋನ್ ಇಡಿ, ರಿಂಗ್ ಆಗ್ಲಿ, ಮತ್ತೆ ಬಾಗಿಲು ಬಡೀಲಿ. "ಆರು ವರ್ಷಗಳ ನಂತರ" ಅನ್ನೋ ಅಕ್ಷರ ಹಾಕೋ ಅವಶ್ಯಕತೆನೇ ಬರಲ್ಲ.

ವಾಯ್ಸ್ ಓವರ್, ಅಂದ್ರೆ ಚಿತ್ರದ ಮೇಲೆ ಹಿನ್ನೆಲೆಯಲ್ಲಿ ಕೇಳೋ ಮಾತು, ಹಾಕ್ಬಾರ್ದಾ ಅಂತ ಕೇಳ್ತಾರೆ. ಹಾಕ್ಬಹುದು, ಆದ್ರೆ ತೆರೆ ಮೇಲೆ ಕಾಣೋದನ್ನೇ ವಾಯ್ಸ್ ಓವರ್ ಹೇಳಿದ್ರೆ ವೇಸ್ಟ್. ಪಾತ್ರ ಒಂದು ಹೇಳ್ತಿದ್ದು ಚಿತ್ರ ಬೇರೇನೋ ತೋರಿಸ್ತಿದ್ರೆ ಮಜಾ ಬರುತ್ತೆ. ಮೊದಲನೇ ಡ್ರಾಫ್ಟ್‌ನಲ್ಲಿ ಪೂರ್ತಿ ಬಿಟ್ಟು ಬರೀರಿ, ಆಮೇಲೂ ಬೇಕೇ ಬೇಕು ಅನ್ಸಿದ್ರೆ ನೋಡೋಣ.

ಸಂಭಾಷಣೆನ ಕಥೆಯಿಂದ ಹಾಗ್ಹಾಗೇ ಎತ್ತಿ ಹಾಕ್ಬೇಡಿ. ಓದೋವಾಗ ಚೆನ್ನಾಗಿದ್ದ ಮಾತು ಬಾಯಲ್ಲಿ ಭಾಷಣ ಆಗ್ಬಿಡುತ್ತೆ. ಜೋರಾಗಿ ಓದಿ, ಉಸಿರು ಸಾಲದೇ ಹೋದ ಕಡೆ ಕತ್ತರಿಸಿ.

ಫಾರ್ಮ್ಯಾಟ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಪ್ರತಿ ಸೀನಿನ ತಲೆ ಮೇಲೆ ಒಳಾಂಗಣನಾ ಹೊರಾಂಗಣನಾ, ಯಾವ ಜಾಗ, ಹಗಲಾ ರಾತ್ರಿನಾ ಅಂತ ಬರೀರಿ, ಕೆಳಗೆ ಕಾಣೋದು ಕೇಳೋದು ಮಾತ್ರ, ಎಲ್ಲ ವರ್ತಮಾನ ಕಾಲದಲ್ಲಿ. ಇಂಗ್ಲಿಷಲ್ಲಿ ಕೊರಿಯರ್ ಅನ್ನೋ ಫಾಂಟ್‌ನಲ್ಲಿ, 12 ಪಾಯಿಂಟ್ ಸೈಜಲ್ಲಿ ಬರೆದ ಒಂದು ಪೇಜ್ ಅಂದ್ರೆ ಹೆಚ್ಚುಕಮ್ಮಿ ಒಂದು ನಿಮಿಷ ಅಂತ ಲೆಕ್ಕ ಇದೆ, ಕನ್ನಡ ಫಾಂಟ್‌ನಲ್ಲಿ ಆ ಲೆಕ್ಕ ನಂಬ್ಕೋಬೇಡಿ, ಸ್ಟಾಪ್‌ವಾಚ್ ಇಟ್ಕೊಂಡು ಸೀನ್ ಆಡಿ ನೋಡೋದೇ ವಾಸಿ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋಕೆ ಈಗ್ಲೇ ಹೋಗ್ಬೇಡಿ.

ಇದೆಲ್ಲದರ ಜೊತೆ ಒಂದು ಹೋಮ್‌ವರ್ಕ್. ಸಣ್ಣ ಕಥೆ ಆಧಾರದ ಒಂದು ಸಿನಿಮಾ ಹುಡುಕಿ, ಮೊದಲು ಕಥೆ ಓದಿ ನಿಮ್ದೇ ಒನ್ ಲೈನ್ ಆರ್ಡರ್ ಮಾಡಿ, ಆಮೇಲೆ ಸಿನಿಮಾನ ನಿಲ್ಲಿಸಿ ನಿಲ್ಲಿಸಿ ನೋಡ್ತಾ ಅವ್ರ ಆರ್ಡರ್ ಬರ್ಕೊಳ್ಳಿ. ಎರಡೂ ಅಕ್ಕಪಕ್ಕ ಇಟ್ಟು ಅವ್ರು ಕಥೇಲಿ ಇಲ್ದೇ ಇರೋ ಯಾವ ಸೀನ್ ಸೇರಿಸಿದ್ದಾರೆ ಅನ್ನೋದಕ್ಕೆ ಗುರುತು ಹಾಕಿ, ಪ್ರತಿಯೊಂದರ ಮುಂದೆ ಅದು ಕಥೆಯ ಯಾವ ಸಾಲಿನಿಂದ ಹುಟ್ಟಿರಬಹುದು ಅಂತ ಹುಡುಕಿ ಬರೀರಿ.