ರೂಟರ್‌ನಲ್ಲಿ ಮೀಸಲಿಟ್ಟ ವೇಗ ಸಿಗುತ್ತಿಲ್ಲವೇ? ಹೀಗೆ ಸರಿಪಡಿಸಿ

ಮೈಸೂರಿನ ಕುವೆಂಪುನಗರ, ಬೋಗಾದಿ, ವಿಜಯನಗರದ ಕಡೆ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಬಹಳ ಮಂದಿ. ಮೀಟಿಂಗ್ ಕಡಿಯದಿರಲಿ ಎಂದು ರೂಟರ್‌ನ ಕ್ಯೂಒಎಸ್ (ಯಾವ ಸಾಧನದ ಡೇಟಾಗೆ ಆದ್ಯತೆ ಎಂದು ಹೇಳುವ ಸೆಟ್ಟಿಂಗ್) ಪುಟ ತೆರೆದು ತಮ್ಮ ಲ್ಯಾಪ್‌ಟಾಪಿಗೆ ಒಂದಿಷ್ಟು ಬ್ಯಾಂಡ್‌ವಿಡ್ತ್ ಮೀಸಲಿಟ್ಟಿರುತ್ತಾರೆ. ಆದರೂ ಮನೆಯಲ್ಲಿ ಯಾರದೋ ಫೋನು ಫೋಟೊ ಬ್ಯಾಕಪ್ ಶುರುಮಾಡಿದ ಕೂಡಲೇ ದನಿ ತುಂಡು ತುಂಡಾಗುತ್ತದೆ. ‘ಇದೆಲ್ಲ ಕೆಲಸಕ್ಕೆ ಬರಲ್ಲ’ ಎಂದು ಸೆಟ್ಟಿಂಗ್ ಆಫ್ ಮಾಡಿಬಿಡುತ್ತಾರೆ. ನಾನು ನೋಡಿದ ಮನೆ, ಅಂಗಡಿಗಳಲ್ಲಿ ಎಡವಟ್ಟು ಹೆಚ್ಚಾಗಿ ಆಗಿರುವುದು ಒಂದೇ ಕಡೆ, ಒಟ್ಟು ವೇಗ ಬರೆಯುವ ಖಾನೆಯಲ್ಲಿ.

ಅದಕ್ಕೂ ಮೊದಲು, ಫೋನು ಟಿವಿಗಳು ಯಾವ ವೈಫೈಗೆ ಅಂಟಿಕೊಂಡಿವೆ ನೋಡಿ. ಫೈಬರ್‌ನವರು ಕೊಟ್ಟ ಪೆಟ್ಟಿಗೆಯಲ್ಲೂ ವೈಫೈ ಇರುತ್ತದೆ. ಟಿವಿ ಅದಕ್ಕೆ ಸೇರಿದ್ದರೆ ಅದರ ಡೇಟಾ ನಿಮ್ಮ ರೂಟರ್ ಮೂಲಕ ಹೋಗುವುದೇ ಇಲ್ಲ. ಆ ವೈಫೈ ಆಫ್ ಮಾಡಿ. ಆಪರೇಟರ್‌ಗೆ ಹೇಳಿ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ಪೆಟ್ಟಿಗೆ ಬರೀ ಡೇಟಾ ದಾಟಿಸಿ, ರೂಟರ್ ಕೆಲಸವನ್ನು ನಿಮ್ಮ ರೂಟರ್‌ಗೇ ಬಿಡುವ ವಿಧಾನ) ಹಾಕಿಸಿದರೆ ಇನ್ನೂ ಒಳ್ಳೆಯದು.

ಆಮೇಲೆ ವೇಗ ಅಳೆಯಿರಿ. ಕ್ಯೂಒಎಸ್ ಆಫ್ ಇರಲಿ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಉಳಿದವರೆಲ್ಲ ನೆಟ್ ಬಿಟ್ಟಿರಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಸುಮಾರಿಗೆ ಒಮ್ಮೆ ನೋಡಿ, ಕಡಿಮೆ ಬಂದದ್ದನ್ನು ಬರೆದಿಟ್ಟುಕೊಳ್ಳಿ. ಡೌನ್‌ಲೋಡ್, ಅಪ್‌ಲೋಡ್ ಎರಡೂ ಬೇಕು.

ಈಗ ಮುಖ್ಯ ಹಂತ. ಪ್ಲಾನ್ 100 ಎಂಬಿಪಿಎಸ್ ಎಂದು ಬಹುತೇಕರು ಒಟ್ಟು ವೇಗಕ್ಕೂ 100 ಎಂದೇ ಬರೆಯುತ್ತಾರೆ. ನಿಜಕ್ಕೂ ಬರುತ್ತಿರುವುದು 80 ಇದ್ದರೆ? ಇನ್ನೂ ಜಾಗವಿದೆ ಎಂದುಕೊಂಡು ರೂಟರ್ ಎಲ್ಲವನ್ನೂ ತಡೆಯಿಲ್ಲದೆ ಮುಂದೆ ತಳ್ಳುತ್ತದೆ. ಸಾಲು ಬೆಳೆಯುವುದು ಆಚೆಯ ಫೈಬರ್ ಪೆಟ್ಟಿಗೆಯಲ್ಲಿ, ನಿಮ್ಮ ನಿಯಮ ಅದಕ್ಕೆ ಗೊತ್ತಿಲ್ಲ. ಜಂಬೂಸವಾರಿ ದಿನ ಅರಮನೆ ಗೇಟಿನಲ್ಲೇ ಪಾಸಿನವರನ್ನು ಬೇರೆ ಸಾಲಿಗೆ ಬಿಡದಿದ್ದರೆ, ಒಳಗಿನ ನೂಕುನುಗ್ಗಲಿನಲ್ಲಿ ಪಾಸು ಇದ್ದೂ ಇಲ್ಲದಂತೆ. ಸಾಲು ನಿಮ್ಮ ರೂಟರ್‌ನಲ್ಲೇ ನಿಲ್ಲಬೇಕು. ಅದಕ್ಕೆ ಅಳೆದ ವೇಗದ ಶೇ 85ರಿಂದ 90ರಷ್ಟನ್ನೇ ಬರೆಯಿರಿ: 80 ಬಂದರೆ 70, ಅಪ್‌ಲೋಡ್ 20 ಇದ್ದರೆ 17. ಹತ್ತು ಎಂಬಿಪಿಎಸ್ ಹೋಯಿತಲ್ಲ ಎಂದು ಕೊರಗಬೇಡಿ, ಅದನ್ನು ಬಿಟ್ಟುಕೊಡದೆ ಮೀಸಲಾತಿ ನಡೆಯುವುದಿಲ್ಲ.

ಖಾನೆಯ ಪಕ್ಕದ ಅಳತೆಯನ್ನೂ ಓದಿ. ಕೆಲವು ಮಾಡೆಲ್‌ಗಳು ಕೆಬಿಪಿಎಸ್‌ನಲ್ಲಿ ಕೇಳುತ್ತವೆ, ಅಲ್ಲಿ 70 ಅಲ್ಲ, 70000 ಬರೆಯಬೇಕು. ಬರೀ 70 ಎಂದು ಬರೆದರೆ ಮನೆಯ ನೆಟ್ಟೆಲ್ಲ ನಿಂತೇಹೋಗುತ್ತದೆ. ಎಲ್ಲ ಸಾಧನಗಳ ಕನಿಷ್ಠ ಮೀಸಲು ಕೂಡಿದರೆ ಒಟ್ಟು ವೇಗವನ್ನು ಮೀರಬಾರದು. ಒಂದು ವಿಡಿಯೊ ಮೀಟಿಂಗಿಗೆ ಎರಡೂ ದಿಕ್ಕಿಗೆ 4 ಎಂಬಿಪಿಎಸ್ ಧಾರಾಳ, ಬರೀ ದನಿಯ ಕರೆಗೆ 100 ಕೆಬಿಪಿಎಸ್ ಆಸುಪಾಸು ಸಾಕು. ಕನಿಷ್ಠದ ಪಕ್ಕದಲ್ಲಿರುವ ಗರಿಷ್ಠದ ಖಾನೆಗೂ 4 ಎಂದು ತುಂಬಿ ತಮ್ಮ ಲ್ಯಾಪ್‌ಟಾಪನ್ನೇ ಕಟ್ಟಿಹಾಕಿಕೊಂಡವರಿದ್ದಾರೆ. ಅಲ್ಲಿ ಪೂರ್ತಿ ವೇಗ ಬರೆಯಿರಿ.

ಗಮನ ಮೊದಲು ಅಪ್‌ಲೋಡ್ ಕಡೆ ಇರಲಿ. ಹೊರಗೆ ಹೋಗುವ ಡೇಟಾ ಮಾತ್ರ ಪೂರ್ತಿಯಾಗಿ ರೂಟರ್‌ನ ಹಿಡಿತದಲ್ಲಿರುತ್ತದೆ. ಒಳಗೆ ಬರುವುದು ಆಗಲೇ ಲೈನ್ ದಾಟಿ ಬಂದಿರುತ್ತದೆ. ಕೆಲವು ಪ್ಯಾಕೆಟ್ (ಡೇಟಾದ ತುಣುಕು) ಕೈಬಿಟ್ಟು, ಕಳಿಸುವವರು ನಿಧಾನಿಸುವಂತೆ ಮಾಡಬಹುದು, ಅಷ್ಟೆ.

ಯಾರಿಗೆ ಮೀಸಲು ಎಂಬುದನ್ನು ಹಲವು ರೂಟರ್‌ಗಳು ಮ್ಯಾಕ್ ವಿಳಾಸದಿಂದ, ಅಂದರೆ ಪ್ರತಿ ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆಯಿಂದ, ಗುರುತಿಸುತ್ತವೆ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನುಗಳು ವೈಫೈಗೆ ಸಾಮಾನ್ಯವಾಗಿ ಬೇರೊಂದು ವಿಳಾಸ ತೋರಿಸುತ್ತವೆ. ಮನೆಯ ವೈಫೈಗೆ ಮಾತ್ರ ಫೋನಿನ ನಿಜ ವಿಳಾಸ ಆರಿಸಿ. ಲ್ಯಾಪ್‌ಟಾಪಿಗೆ ಕೇಬಲಿಗೊಂದು, ವೈಫೈಗೊಂದು ವಿಳಾಸವಿರುತ್ತದೆ, ಎರಡನ್ನೂ ಸೇರಿಸಿ.

ಇಷ್ಟಾದರೂ ಬದಲಾವಣೆ ಕಾಣದಿದ್ದರೆ ಹಾರ್ಡ್‌ವೇರ್ ನ್ಯಾಟ್ (ಪ್ರೊಸೆಸರ್‌ಗೆ ಹೊರೆಯಾಗದಂತೆ ಡೇಟಾವನ್ನು ವೇಗವಾಗಿ ದಾಟಿಸುವ ಸೆಟ್ಟಿಂಗ್) ಆನ್ ಇದೆಯೇ ನೋಡಿ. ಹಲವು ರೂಟರ್‌ಗಳಲ್ಲಿ ಅದು ಕ್ಯೂಒಎಸ್ ಅನ್ನು ಹಾದುಹೋಗದೆ ಡೇಟಾ ದಾಟಿಸುತ್ತದೆ. ಆಫ್ ಮಾಡಿದರೆ ಅಗ್ಗದ ರೂಟರ್‌ನ ಪ್ರೊಸೆಸರ್ ಏದುಸಿರು ಬಿಡಬಹುದು. ಹಾಗೆಂದು ನಾಲ್ಕು ಆಂಟೆನಾ, ‘ಗೇಮಿಂಗ್’ ಎಂಬ ಚೀಟಿ ನೋಡಿ ದುಡ್ಡು ಸುರಿಯಬೇಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ ಕೊಳ್ಳಿ. ಅದರ ಎಸ್‌ಕ್ಯೂಎಂ (ಡೇಟಾದ ಸಾಲನ್ನು ತಾನೇ ನಿಭಾಯಿಸುವ ಸೌಲಭ್ಯ) ಆನ್ ಮಾಡಿ ಡೌನ್‌ಲೋಡ್, ಅಪ್‌ಲೋಡ್ ವೇಗ ಬರೆದರೆ, ಮನೆಗಳಲ್ಲಿ ಒಂದೊಂದು ಸಾಧನಕ್ಕೂ ಮೀಸಲಿಡುವ ಗೋಜೇ ಬೇಕಾಗುವುದಿಲ್ಲ.

ಕೊನೆಗೆ ಪರೀಕ್ಷೆ. ಲ್ಯಾಪ್‌ಟಾಪಿನಿಂದ ಗೂಗಲ್‌ನ ಸರ್ವರ್ 8.8.8.8ಕ್ಕೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಆಜ್ಞೆ) ಓಡಿಸಿಟ್ಟು, ಇನ್ನೊಂದು ಫೋನಿನಿಂದ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. 15 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಹಾರಿದರೆ ಅಪ್‌ಲೋಡ್ ಅಂಕಿಯನ್ನು ಇನ್ನೊಂದು ಎಂಬಿಪಿಎಸ್ ಇಳಿಸಿ ಮತ್ತೆ ನೋಡಿ. 30ರ ಒಳಗೆ ನಿಂತರೆ ಗೆದ್ದಿರಿ. ರೂಟರ್‌ನ ಸ್ವಂತ ವಿಳಾಸಕ್ಕೇ ಪಿಂಗ್ ಏರಿಳಿದರೆ ದೋಷ ವೈಫೈಯದು. ಅದಕ್ಕೆ ಕ್ಯೂಒಎಸ್ ಮದ್ದಲ್ಲ, ಕೇಬಲ್ ಎಳೆಸಿ. ಪ್ಲಾನ್ ಬದಲಾಯಿಸಿದ ದಿನವೇ ಮತ್ತೆ ವೇಗ ಅಳೆದು ಆ ಖಾನೆಗಳನ್ನು ತಿದ್ದಿ.